ಎರಡು ಗಂಟಿನ ತಲೆಬಟ್ಟೆ

ಸೆಹೆರ್ ಮಲಗುವಾಗಲೂ ತಲೆಬಟ್ಟೆ ಬಿಚ್ಚುವುದಿಲ್ಲ. ಗದ್ದದ ಕೆಳಗೆ ಎರಡು ಗಂಟು ಬಿಗಿದೇ ಮಲಗುತ್ತಾಳೆ. ಗಂಡ ನುರೆತ್ತಿನ್ ಸತ್ತು ನಾಲ್ಕು ವರ್ಷ. ಅಂದಿನಿಂದ ಹೀಗೆ.

ಹಜಾರ್ ಸರೋವರದ ದಡದಲ್ಲಿ ಅವರ ಊರು. ಭೂಮಿಯ ಎರಡು ದೊಡ್ಡ ಹಲಗೆಗಳು ಒಂದನ್ನೊಂದು ಉಜ್ಜುವ ಗೆರೆ ಆ ನೀರಿನ ತಳದಲ್ಲೇ ಹಾದುಹೋಗಿದೆ. ಭೂಕಂಪವಾದಾಗ ಅದು ಒಮ್ಮೆ ಕೊಡವುತ್ತದೆ. ಆಮೇಲೆ ಸುಮ್ಮನಾಗುತ್ತದೆ. ಜನರನ್ನು ತಿನ್ನುವುದು ಆ ಸುಮ್ಮನಿರುವ ಹೊತ್ತು. ಏನನ್ನೋ ಬಿಟ್ಟುಬಂದೆವೆಂದು ಒಳಗೆ ಹೋಗುತ್ತಾರೆ. ಆಗ ಎರಡನೆಯ ನಡುಕ ಬರುತ್ತದೆ.

ನುರೆತ್ತಿನ್ ಹಾಗೆಯೇ ಹೋದ. ಯಾಕೆ ಒಳಗೆ ಹೋದನೆಂದು ಸೆಹೆರ್ ಯಾರಿಗೂ ಹೇಳಲಿಲ್ಲ. ಮೈದುನ ವೇಸೆಲ್ ತಾನೇ ಒಂದು ಕಾರಣ ಕಟ್ಟಿಕೊಂಡ. ಮದುವೆಯಲ್ಲಿ ಹಾಕಿದ ಚಿನ್ನದ ಬಳೆ ತರಲು ಇವಳೇ ಕಳಿಸಿದಳಂತೆ. "ನಿನ್ ಬಳೆ ನಮ್ಮಣ್ಣನ್ನ ನುಂಗಿದ್ವು, ಅತ್ತಿಗೆ" ಎನ್ನುತ್ತಾನೆ, ಉಣ್ಣುವ ಹೊತ್ತಿನಲ್ಲೇ. ಸೆಹೆರ್ ರೊಟ್ಟಿ ಮುರಿಯುತ್ತಾಳೆ.

ಆ ಶುಕ್ರವಾರ ಮಧ್ಯಾಹ್ನ ಅವಳು ಬಚ್ಚಲಲ್ಲಿ ಅತ್ತೆ ಎಲ್ಮಾಸ್‌ಳ ತಲೆ ತೊಳೆಯುತ್ತಿದ್ದಳು. ಸೋಪು ಹಚ್ಚಿ ಆಗಿತ್ತು. ಮೊದಲು ಚೊಂಬು ನಡುಗಿತು. ಆಮೇಲೆ ನೆಲವೇ ಪಕ್ಕಕ್ಕೆ ಸರಿಯಿತು. ಸೆಹೆರ್ ಮುದುಕಿಯನ್ನು ರಟ್ಟೆ ಹಿಡಿದು ಅಂಗಳಕ್ಕೆ ಎಳೆದು ತಂದಳು.

ಮಸೀದಿ ಬಿಟ್ಟ ಹೊತ್ತು. ಓಣಿಯ ತುಂಬ ಗಂಡಸರು. ಎಲ್ಮಾಸ್ ಕೈ ಕೊಸರಿಕೊಂಡು ಸೌದೆ ರಾಶಿಗೂ ಗೋಡೆಗೂ ನಡುವೆ ನುಸುಳಿ, ಎರಡು ಕೈಯಿಂದಲೂ ತಲೆ ಮುಚ್ಚಿಕೊಂಡು ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ಕಲ್ಲಿನ ಗೋಡೆ. ಅದರ ಹೊಟ್ಟೆ ಆಗಲೇ ಉಬ್ಬಿತ್ತು.

"ಅತ್ತೆ, ಎದ್ದು ಬನ್ನಿ. ಗೋಡೆ ಬೀಳತ್ತೆ."

"ಬೀಳ್ಲಿ! ಇಷ್ಟು ವರ್ಷ ಪರಗಂಡಸ್ರು ಯಾರೂ ನನ್ ಕೂದ್ಲು ನೋಡಿಲ್ಲ. ಈಗ ತೋರಿಸ್ಲಾ?"

ವೇಸೆಲ್ ಓಡಿ ಬಂದ. ತಾಯಿಯನ್ನು ನೋಡಿದ, ಬಾಗಿಲು ನೋಡಿದ. "ತಲೆಬಟ್ಟೆ ಮೊಳೇಲಿದೆ ತಾನೆ ಅಮ್ಮ? ಒಂದ್ನಿಮಿಷ, ತರ್ತೀನಿ."

ಒಂದ್ನಿಮಿಷ. ಸೆಹೆರ್ ಅವನಿಗಿಂತ ಮೊದಲು ಓಡಿ ಬಾಗಿಲಿಗೆ ಅಡ್ಡ ನಿಂತಳು.

"ದಾರಿ ಬಿಡು ಅತ್ತಿಗೆ."

"ಬಿಡಲ್ಲ."

"ನಿನ್ ಬಳೆಗಾದ್ರೆ ಅಣ್ಣ ಹೋಗ್ಬೇಕಿತ್ತು, ನಮ್ಮಮ್ಮನ ಮಾನಕ್ಕೆ ನಾನು ಹೋಗ್ಬಾರ್ದಾ?"

"ಬಳೆಗಲ್ಲ ಕಣೋ! ಬಳೆ ಅವತ್ತು ನನ್ ಕೈಯಲ್ಲೇ ಇದ್ವು. ಬರಿ ತಲೇಲಿ ಬೀದೀಲಿ ನಿಂತಿದ್ದೆ. ನನ್ ತಲೆಬಟ್ಟೆ ಅಂದೆ, ಅಷ್ಟೆ. ಒಂದ್ನಿಮಿಷ ಅಂತ ಒಳಗೋದ್ರು. ನಾನೇ ಕಳಿಸ್ದೆ. ನಿನ್ನೂ ಕಳಿಸ್ಲಾ?"

ವೇಸೆಲ್ ನಿಂತಲ್ಲೇ ನಿಂತ. ಸೌದೆ ರಾಶಿಯ ಹಿಂದೆ ಎಲ್ಮಾಸ್‌ಗೂ ಕೇಳಿಸಿತು.

ಸೆಹೆರ್ ಗದ್ದದ ಕೆಳಗೆ ಕೈ ಹಾಕಿದಳು. ಬೆರಳಿಗೆಲ್ಲ ಸೋಪು, ಗಂಟು ಜಾರುತ್ತಿತ್ತು. ಬಿಚ್ಚಲಾಗದೆ ಕಿತ್ತೆಳೆದಳು. ಹೋಗಿ ಅತ್ತೆಯ ಒದ್ದೆ ತಲೆಗೆ ಅದನ್ನು ಹೊದಿಸಿದಳು. ಇವಳ ಕೂದಲು ಬಿಚ್ಚಿ ಬೆನ್ನ ಮೇಲೆ ಬಿತ್ತು. ನಲವತ್ತಾರಕ್ಕೇ ಪೂರ್ತಿ ನರೆತಿತ್ತು. ಓಣಿಯ ಗಂಡಸರು ಒಬ್ಬೊಬ್ಬರಾಗಿ ಸರೋವರದ ಕಡೆ ಮುಖ ತಿರುಗಿಸಿ ನಿಂತರು.

ಎಲ್ಮಾಸ್ ಎದ್ದು ಬಂದಳು. ಗೋಡೆಗಳಿಂದ ದೂರ, ಬಯಲಿನ ಹಿಪ್ಪುನೇರಳೆ ಮರದಡಿ ಮೂವರೂ ಕೂತರು. ಎರಡನೆಯದಕ್ಕೆ ಕಾದರು. ನಾಯಿ ಬೊಗಳಿದರೂ ನೆಲಕ್ಕೆ ಅಂಗೈ ಒತ್ತಿ ನೋಡುತ್ತಿದ್ದರು. ಎಲ್ಮಾಸ್ ಸೊಸೆಯ ಮುಖ ನೋಡಲಿಲ್ಲ.

ಹೊತ್ತು ಇಳಿಯಿತು. ಎರಡನೆಯದು ಬರಲೇ ಇಲ್ಲ. ಗೋಡೆ ಹಾಗೇ ನಿಂತಿತ್ತು. ಹೇಳಿದ ಮಾತನ್ನು ಮಾತ್ರ ವಾಪಸು ತೆಗೆದುಕೊಳ್ಳುವ ಹಾಗಿರಲಿಲ್ಲ. ಇನ್ನು ಈ ಮನೆಯಲ್ಲಿ ತನಗೆ ಜಾಗವಿಲ್ಲವೆಂದು ಸೆಹೆರ್ ಲೆಕ್ಕ ಹಾಕಿ ಕೂತಿದ್ದಳು.

ಎಲ್ಮಾಸ್ ತಲೆ ಕೆರೆದುಕೊಂಡಳು.

"ಸೋಪು ಒಣಗಿ ಕಡೀತಿದೆ" ಎಂದಳು. "ಅರ್ಧಕ್ಕೇ ಬಿಟ್ಯಲ್ಲೇ ಮಗಳೇ, ನೀರು ಹಾಕು ಬಾ."

ವೇಸೆಲ್ ಪಕ್ಕದ ಮನೆಯವರಿಂದ ಒಂದು ಕಂಬಳಿ ಇಸಿದುಕೊಂಡು ಬಂದ. ಬೀದಿ ನಲ್ಲಿಯ ಮುಂದೆ ಅದನ್ನು ಎರಡು ಕೈಯಿಂದ ಅಗಲಿಸಿ ಹಿಡಿದು, ಮುಖ ಆ ಕಡೆ ತಿರುಗಿಸಿ ನಿಂತ.