ಮಾವನ ಹಿತ್ತಲಿನ ಉಗಿಗಾಡಿ

ಸವಣೂರಿನಲ್ಲಿ ನನ್ನ ಸೋದರಮಾವನ ಮನೆಯ ಹಿತ್ತಲಿನ ತಗಡಿನ ಚಪ್ಪರದಡಿ ಒಂದು ಹಳೆಯ ಮೋಟಾರು ನಿಂತಿತ್ತು. ಮಾವನ ಅಜ್ಜ ಯಾವುದೋ ಬಂಗಲೆಯ ಹರಾಜಿನಲ್ಲಿ ಅದನ್ನು ಹಿಡಿದು, ಎತ್ತು ಕಟ್ಟಿ ಎಳೆಸಿಕೊಂಡು ಬಂದಿದ್ದನಂತೆ. ಅದು ಓಡಿದ್ದನ್ನು ಕಂಡವರು ಯಾರೂ ಉಳಿದಿರಲಿಲ್ಲ. ಅತ್ತೆ ಅದರ ಸೀಟಿನ ಮೇಲೆ ಬಟ್ಟೆ ಹಾಸಿ ಶಾವಿಗೆ ಒಣಗಿಸುತ್ತಿದ್ದಳು.

ಹೋದ ವರ್ಷ ಮಾವ ಅದನ್ನು ಮಾರಲು ಹೊರಟ. ಹಳೆಯ ಕಾರುಗಳನ್ನು ರಿಪೇರಿ ಮಾಡಿಸಿ ಮದುವೆ ಮೆರವಣಿಗೆಗೆ ಬಾಡಿಗೆ ಕೊಡುವ ಒಬ್ಬ ವ್ಯಾಪಾರಿ ನೋಡಲು ಬರುವವನಿದ್ದ. ‘ನೀನೂ ಬಾರವ್ವ, ಇಂಜಿನ್ ಕಲತಾಕಿ ಅದೀ’ ಎಂದು ಮಾವ ಫೋನು ಮಾಡಿದ.

ನಾನು ಹಂಸಭಾವಿಯ ಒಕ್ಕಲುತನದ ಮನೆಯವಳು. ಮೆಕ್ಯಾನಿಕಲ್ ಡಿಪ್ಲೊಮಾ ಓದುವಾಗ ತರಗತಿಯಲ್ಲಿ ಹುಡುಗಿ ಅಂತ ಇದ್ದವಳು ನಾನೊಬ್ಬಳೇ. ಈಗ ಹಾನಗಲ್ಲಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ನಡೆಸುತ್ತೇನೆ. ಹೊಸ ಗಿರಾಕಿಗಳು ಇವತ್ತಿಗೂ ನನ್ನ ಹೆಗಲ ಮೇಲಿಂದ ಒಳಗೆ ಇಣುಕಿ, ‘ಮಾಲಕರು ಎಲ್ಲಿ ಹೋಗ್ಯಾರ್ರಿ?’ ಎನ್ನುತ್ತಾರೆ. ‘ನಿಮ್ಮ ಮುಂದ ನಿಂತಾರ್ರಿ’ ಎನ್ನುತ್ತೇನೆ.

ವ್ಯಾಪಾರಿ ತನ್ನ ಜೊತೆ ಒಬ್ಬ ಪರಿಣತನನ್ನೂ ಕರೆತಂದಿದ್ದ. ಆತ ಗಾಡಿಯ ಸುತ್ತ ಒಂದು ಸುತ್ತು ಹಾಕಿ ಸೀಟು ಎತ್ತಿಸಿದ. ಕೆಳಗೆ ಒಂದು ಗುಂಡನೆಯ ತಾಮ್ರದ ಪಾತ್ರೆ ಕೂತಿತ್ತು. ಆತ ನಕ್ಕುಬಿಟ್ಟ.

‘ಇದು ಪೆಟ್ರೋಲ್ ಗಾಡಿ ಸಾಹೇಬ್ರ. ಇಂಜಿನ್ ಯಾರೋ ಬಿಚ್ಚಿ ಮಾರ್ಯಾರ. ಆ ಜಾಗಾದಾಗ ಬಚ್ಚಲದ ಹಂಡೆ ಇಟ್ಟಾರ.’

ನಾನು ಸೀರೆಯ ಸೆರಗು ಸಿಕ್ಕಿಸಿ ಗಾಡಿಯ ಅಡಿ ತೂರಿದೆ. ಮೊದಲು ನೋಡಿದ್ದು ಇರಬೇಕಾದದ್ದು ಇದೆಯೇ ಎಂದು. ಮುಂದೆ ರೇಡಿಯೇಟರ್ ಇಲ್ಲ. ಅದನ್ನು ಕೂರಿಸಿದ್ದ ಗುರುತೂ ಇಲ್ಲ. ಕ್ಲಚ್ ಇಲ್ಲ, ಗೇರ್ ಪೆಟ್ಟಿಗೆ ಇಲ್ಲ. ಬಿಚ್ಚಿ ಒಯ್ದಿದ್ದರೆ ಬೋಲ್ಟಿನ ತೂತುಗಳಾದರೂ ಉಳಿಯಬೇಕಿತ್ತಲ್ಲ? ಚೌಕಟ್ಟು ನುಣ್ಣಗಿತ್ತು. ಆಮೇಲೆ ಇದ್ದದ್ದನ್ನು ನೋಡಿದೆ. ‘ಹಂಡೆ’ಯ ಹೊರಮೈಗೆ ಉಕ್ಕಿನ ತಂತಿಯನ್ನು ಒತ್ತೊತ್ತಾಗಿ ಸುತ್ತಿದ್ದರು, ಒಳಗಿನ ಒತ್ತಡಕ್ಕೆ ಅದು ಸಿಡಿಯದಿರಲೆಂದು. ತಳದಿಂದ ನೆತ್ತಿಯವರೆಗೆ ಸಣ್ಣ ಕೊಳವೆಗಳು ಜೇನುಗೂಡಿನಂತೆ ತುಂಬಿದ್ದವು. ಬೆಂಕಿಯ ಬಿಸಿ ಆ ಕೊಳವೆಗಳಲ್ಲಿ ಏರಬೇಕು, ಸುತ್ತಲಿನ ನೀರು ಕುದಿಯಬೇಕು. ಅದರ ಮುಂದೆ ಎರಡು ಸಿಲಿಂಡರುಗಳು ನೆಟ್ಟಗೆ ನಿಂತಿದ್ದವು. ಅವುಗಳಿಂದ ಒಂದು ಚೈನು ಸೀದಾ ಹಿಂದಿನ ಅಚ್ಚಿಗೆ ಹೋಗಿತ್ತು. ಸ್ಪಾರ್ಕ್ ಪ್ಲಗ್ ಹಾಕಲು ಎಲ್ಲಿಯೂ ಜಾಗವಿರಲಿಲ್ಲ.

ಹೊರಗೆ ಬಂದು ಹೇಳಿದೆ: ‘ಇಂಜಿನ್ ಎಲ್ಲಿಗೂ ಹೋಗಿಲ್ರಿ, ಇಲ್ಲೇ ಐತಿ. ಇದು ಉಗಿಯಿಂದ ಓಡೋ ಗಾಡಿ.’

‘ಉಗಿಬಂಡಿ ಅಂದ್ರ ರೈಲು’ ಎಂದ ಮಾವ. ‘ಹಳಿ ಎಲ್ಲದಾವ?’

ಎಲ್ಲರೂ ನಕ್ಕರು. ಪರಿಣತ ನನ್ನತ್ತ ನೋಡಲೂ ಇಲ್ಲ. ‘ಅಕ್ಕಾರ, ಟ್ರ್ಯಾಕ್ಟರ್ ಬ್ಯಾರೆ, ಇದು ಬ್ಯಾರೆ. ನಾ ಇಂಥಾವು ಬೇಕಾದಷ್ಟು ನೋಡೇನಿ’ ಎಂದ.

‘ಹಂಗಾರ ಹಂಡೆಕ್ಕ ಇಷ್ಟು ಕೊಳವಿ ಯಾಕ್ರಿ? ಸ್ನಾನಾ ಮಾಡೋರು ಎಷ್ಟು ಮಂದಿ ಇದ್ದರು?’

ಈ ಸಲ ಅತ್ತೆ ಒಬ್ಬಳೇ ನಕ್ಕಳು. ಮಾವನ ಮುಖ ಬಿಗಿಯಿತು. ‘ನಿನಗ್ಯಾಕವ್ವ ಇಲ್ಲದ ಉಸಾಬರಿ? ಬಂದ ಮಂದೀನ ಕಳಸಬ್ಯಾಡ’ ಎಂದು ಗದರಿದ.

ನನಗೂ ಹಟ ಬಂತು. ‘ಮುಂದಿನ ವಾರ ಬರ್ರಿ. ಗಾಲಿ ತಿರುಗಿಸಿ ತೋರಸ್ತೇನಿ. ತಿರುಗಲಿಲ್ಲಂದ್ರ ನಾನ ನಿಂತು ನಿಮ್ಮ ಲಾರಿಗೆ ಏರಿಸಿ ಕೊಡ್ತೇನಿ’ ಎಂದೆ. ವ್ಯಾಪಾರಿಗೆ ಇದು ತಮಾಷೆಯಾಗಿ ಕಂಡಿರಬೇಕು, ಒಪ್ಪಿದ.

ಆ ವಾರವೆಲ್ಲ ಅಂಗಡಿ ಬೇಗ ಮುಚ್ಚಿ ಸವಣೂರಿಗೆ ಹೋದೆ. ಜಂಗು ಹಿಡಿದ ಸಿಲಿಂಡರುಗಳಿಗೆ ಸೀಮೆಎಣ್ಣೆ, ಇಂಜಿನ್ ಆಯಿಲ್ ಕುಡಿಸಿದೆ. ಮಾವ ಮಾತು ಬಿಟ್ಟಿದ್ದ. ಅತ್ತೆ ಮಾತ್ರ ಚಹಾ ತಂದಿಟ್ಟು, ‘ನಿನ್ನ ಮಾತು ಸುಳ್ಳಾದರ?’ ಎಂದು ಕೇಳಿದಳು. ‘ಆಗೂದಿಲ್ಲ’ ಎಂದೆ. ಚಹಾ ಅಲ್ಲೇ ಬಿಟ್ಟು ಮತ್ತೆ ಗಾಡಿಯ ಅಡಿ ತೂರಿದೆ.

ಅವರು ಮತ್ತೆ ಬಂದ ದಿನ ಪಂಕ್ಚರ್ ಅಂಗಡಿಯ ಚಾಚಾ ತನ್ನ ಹವಾ ಟ್ಯಾಂಕನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದ. ಬೆಂಕಿ ಹಾಕುವ ಯೋಚನೆ ನನಗಿರಲಿಲ್ಲ. ಅಷ್ಟು ಹಳೆಯ ತಾಮ್ರವನ್ನು ನಂಬುವ ಹುಚ್ಚಿ ನಾನಲ್ಲ. ಉಗಿ ಇಂಜಿನ್ನಿಗೆ ಬೇಕಾದದ್ದು ಒತ್ತಡ. ಅದು ಉಗಿಯದಾದರೇನು, ಹವೆಯದಾದರೇನು? ಹಿಂದಿನ ಗಾಲಿಗಳನ್ನು ಜಾಕಿನಿಂದ ಎತ್ತಿ, ಹಂಡೆಯಿಂದ ಬರುವ ಕೊಳವೆ ಬಿಚ್ಚಿ, ಸಿಲಿಂಡರಿನ ಕಡೆಗೆ ಹವಾದ ಪೈಪು ಜೋಡಿಸಿದೆ.

‘ಬಿಡ್ಲೇನವಾ?’ ಎಂದ ಚಾಚಾ.

‘ಬಿಡ್ರಿ.’

ಬುಸ್ಸೆಂದು ಎಲ್ಲ ಸಂದಿಗಳಿಂದಲೂ ಹವೆ ಸೋರಿತು. ಏನೂ ಅಲುಗಲಿಲ್ಲ. ಪರಿಣತ ಗಡಿಯಾರ ನೋಡಿಕೊಂಡ. ನಾನು ಗಾಲಿಯನ್ನು ಕೈಯಿಂದ ಒಮ್ಮೆ ನೂಕಿದೆ. ಚೈನು ಕಿರುಗುಟ್ಟಿತು, ಗಾಲಿ ಅರ್ಧ ಸುತ್ತು ಹೊರಳಿ ತಡೆಯಿತು, ಆಮೇಲೆ ತಾನೇ ತಾನಾಗಿ ತಿರುಗತೊಡಗಿತು. ಸೀಟಿನ ಪಕ್ಕದ ಸಣ್ಣ ಹಿಡಿಕೆಯನ್ನು ಹಿಂದಕ್ಕೆಳೆದೆ. ಗಾಲಿ ನಿಂತು, ಹಿಮ್ಮುಖವಾಗಿ ತಿರುಗಿತು.

‘ಗೇರ್ ಇಲ್ದ ಹಿಂದಕ್ಕ ಹೋಗೋ ಪೆಟ್ರೋಲ್ ಗಾಡಿ ಎಲ್ಲರ ನೋಡೀರೇನ್ರಿ?’ ಎಂದು ಕೇಳಿದೆ. ಪರಿಣತ ಚಪ್ಪರದಿಂದ ಆಚೆ ಸರಿದು ನಿಂತ.

ವ್ಯಾಪಾರಿ ಮಾತ್ರ ಬಿಡಲಿಲ್ಲ. ‘ಆತು, ಉಗಿ ಗಾಡೀನ ಇರಲಿ. ಇದನ್ನೆಲ್ಲಾ ಕಿತ್ತು ಜೀಪಿನ ಇಂಜಿನ್ ಕೂಡಸ್ತೇವಿ. ಮೆರವಣಿಗಿ ಒಳಗ ಓಡಬೇಕಲ್ಲ?’ ಎಂದ.

ನಾನು ಗಾಡಿಗೂ ಅವನಿಗೂ ನಡುವೆ ನಿಂತೆ. ‘ಕೀಳೂದಾದರ ಮೊದಲ ನನ್ನ ಇಲ್ಲಿಂದ ಕೀಳ್ರಿ.’

ಮಾವ ನನ್ನನ್ನು ಬೈಯಲೆಂದೇ ಬಾಯಿ ತೆರೆದ. ಆದರೆ ಗಾಲಿ ಇನ್ನೂ ತಿರುಗುತ್ತಿತ್ತು, ಅವನ ಕಣ್ಣು ಅದರ ಮೇಲಿತ್ತು. ಹೋಗಿ ಗಾಲಿಯ ಅಂಚಿಗೆ ಬೆರಳು ತಾಗಿಸಿದ.

‘ನಮ್ಮಜ್ಜ ಇದು ತಿರುಗೋದನ್ನ ನೋಡಲೇ ಇಲ್ಲ’ ಎಂದ, ಮೆಲ್ಲಗೆ. ಆಮೇಲೆ ವ್ಯಾಪಾರಿಯ ಕಡೆ ತಿರುಗಿ, ‘ಮಾರೂದಿಲ್ರಿ. ಚಹಾ ಕುಡದು ಹೋಗ್ರಿ’ ಎಂದ.

ಪರಿಣತ ಇಂದಿಗೂ ಹುಬ್ಬಳ್ಳಿಯ ಕಡೆ ಅದು ಬಚ್ಚಲದ ಹಂಡೆಯೇ ಎಂದು ಹೇಳಿಕೊಂಡು ತಿರುಗುತ್ತಾನಂತೆ. ಹೇಳಲಿ. ಶಿಗ್ಗಾವಿಯಲ್ಲಿ ತಾಮ್ರದ ಕೆಲಸದವರೊಬ್ಬರು ಹೊಸ ಹಂಡೆ ಬಡಿದುಕೊಡಲು ಒಪ್ಪಿದ್ದಾರೆ. ಒತ್ತಡದ ಪರೀಕ್ಷೆ ಆಗುವವರೆಗೂ ಯಾರು ಏನೇ ಅಂದರೂ ನಾನು ಬೆಂಕಿ ಹಾಕುವುದಿಲ್ಲ. ಹಾಕಿದ ದಿನ ಪೇಟೆಯ ನಡುವೆ ಅದನ್ನು ಓಡಿಸುವವಳೂ ನಾನೇ.