ಅಪ್ಪನ ಕಡೆಯ ಅರ್ಧ

ನನ್ನನ್ನು ಸೋದರಮಾವನಿಗೇ ಕೊಟ್ಟಿದ್ದರು. ಮದುವೆಯಾದ ಮೇಲೂ ಅವನನ್ನು ಮಾಮಾ ಎಂದೇ ಕರೆಯುತ್ತಿದ್ದೆ. ಕಲಬುರಗಿಯ ಆ ಮನೆಗೆ ನಾನು ಹೊರಗಿನಿಂದ ಬಂದ ಸೊಸೆಯಲ್ಲ, ಮೊಮ್ಮಗಳೇ ಎಂಬ ಸೊಕ್ಕು ಸ್ವಲ್ಪ ಹೆಚ್ಚೇ ಇತ್ತು. ತೊಂಬತ್ತರ ದಶಕದಲ್ಲಿ ಮಾಮಾನ ಎರಡೂ ಕಿಡ್ನಿ ಕೈಕೊಟ್ಟಾಗ, ಯಾರನ್ನೂ ಕೇಳದೆ ನಾನೇ ಕೊಡುತ್ತೇನೆಂದು ಸಾರಿಬಿಟ್ಟೆ. ರಕ್ತ ಒಂದೇ, ಪರೀಕ್ಷೆ ಯಾಕೆಂದು ಡಾಕ್ಟರರ ಹತ್ತಿರ ವಾದಕ್ಕೂ ನಿಂತೆ. ಅಷ್ಟರಲ್ಲಿ ಅವ್ವ ಕಮಲಾಪುರದಿಂದ ಬಸ್ಸಿಗೆ ಬಂದಳು. ತಮ್ಮನನ್ನು ನೋಡಿ ಅತ್ತು, ತನ್ನ ರಕ್ತವನ್ನೂ ಪರೀಕ್ಷೆಗೆ ತೆಗೆದುಕೊಳ್ಳಿ ಎಂದಳು. ಈಕೆಗೆ ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ಎಂದು ಗೊಣಗಿಕೊಂಡೆ.

ಹೈದರಾಬಾದಿನಿಂದ ಫಲಿತಾಂಶ ಬಂದ ದಿನ ಸೇಡಂ ರಸ್ತೆಯ ಡಾಕ್ಟರರು ನಮ್ಮನ್ನೆಲ್ಲ ಕೂರಿಸಿಕೊಂಡು ತಿಳಿಸಿದರು. ಮೈಯ ಪ್ರತಿ ಜೀವಕೋಶದ ಮೇಲೂ ಗುರುತು ಇರುತ್ತದಂತೆ. ರಕ್ತದಲ್ಲಿ ಓಡಾಡುವ ಟಿ ಕೋಶಗಳು ಅದನ್ನು ತಡವಿ ನೋಡುತ್ತವೆ, ಮದುವೆಮನೆಯ ಬಾಗಿಲಲ್ಲಿ ಕೂತು ಯಾರ ಪೈಕಿ ಎಂದು ಕೇಳುವ ಮುದುಕಿಯರ ಹಾಗೆ. ತಮ್ಮದಲ್ಲದ ಗುರುತು ಕಂಡರೆ ಮೇಲೆ ಬಿದ್ದು ಕೊಲ್ಲುತ್ತವೆ. ಗುರುತಿನಲ್ಲಿ ಅರ್ಧ ತಾಯಿಯದು, ಅರ್ಧ ತಂದೆಯದು. ಅವ್ವನಿಗೂ ಮಾಮಾನಿಗೂ ಎರಡೂ ಅರ್ಧ ಒಂದೇ ಬಂದಿದ್ದವು.

"ನಿಮ್ಮವ್ವಂದು ಪೂರಾ ಕೂಡ್ತದವ್ವಾ," ಎಂದರು. "ನಿಂದು ಅರ್ಧ ಅಷ್ಟೇ. ಉಳಿದದ್ದು ನಿಮ್ಮಪ್ಪಂದು. ಅದನ್ನ ಇವರ ಮೈ ಹೊರಗಿಂದು ಅಂತದ."

ಅವನ ಜೊತೆ ಬಾಳುವವಳು ನಾನು, ಅವನ ಮೈಗೆ ಬೇಕಾದವಳು ಅವ್ವ! ಅಪ್ಪನ ಮೇಲೂ ಸಿಟ್ಟು ಬಂತು. ಪಾಪ, ಆತ ಕಮಲಾಪುರದಲ್ಲಿ ತನ್ನ ಪಾಡಿಗೆ ಕೆಂಪು ಬಾಳೆಗೆ ನೀರು ಬಿಡುತ್ತಿದ್ದ. ಅರ್ಧ ಕೂಡಿದರೂ ಸಾಕು, ನನ್ನದೇ ಹಾಕಿ ಎಂದು ಹಟ ಹಿಡಿದೆ. ಮಾಮಾ ನನ್ನ ಕಡೆ ನೋಡಲೂ ಇಲ್ಲ.

"ಅಕ್ಕಂದೇ ಇರ್ಲಿ," ಎಂದ.

ಆಪರೇಷನ್ ಚೆನ್ನಾಗಿ ಆಯಿತು. ಮನೆಗೆ ಬಂದವರೆಲ್ಲ ಅವ್ವನ ಕಾಲು ಮುಟ್ಟಿದರು, ನಾನು ಎಲ್ಲರಿಗೂ ಚಹಾ ಕೊಟ್ಟೆ. ಪೂರಾ ಕೂಡಿದರೂ ಸಣ್ಣಪುಟ್ಟ ವ್ಯತ್ಯಾಸವನ್ನು ಆ ಕೋಶಗಳು ಪತ್ತೆ ಹಚ್ಚುತ್ತವೆ, ಅವನ್ನು ತಡೆಯಲು ಜೀವಮಾನವಿಡೀ ಗುಳಿಗೆ ಬೇಕು ಎಂದು ಡಾಕ್ಟರರು ಹೇಳಿದಾಗ, ಸುಳ್ಳೇಕೆ, ಒಳಗೊಳಗೇ ಖುಷಿಯಾಯಿತು. ಅವ್ವನೂ ಅಲ್ಲಿ ಪೂರಾ ಒಳಗಿನವಳಲ್ಲ.

ಆ ಗುಳಿಗೆ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ತಪ್ಪಿದರೆ ಅವ್ವನ ಕಿಡ್ನಿ ಹೋಗುತ್ತದೆ, ಅದರ ಜೊತೆ ಮಾಮಾನೂ. ಒಂದು ದಿನವೂ ತಪ್ಪಿಸಲಿಲ್ಲ. ನಾನು ನೀರು ಹಿಡಿದು ನಿಂತಿದ್ದರೆ, ನುಂಗಿ, ಬಾಯಿ ಒರೆಸಿಕೊಂಡು ಅವನು ಕೇಳುತ್ತಿದ್ದ:

"ಅಕ್ಕ ಹ್ಯಾಂಗದಾಳ?"