ಪಾಠವಿಲ್ಲದ ದಿನದ ಫೀ

ನೀಲಗಿರಿ ಎಣ್ಣೆಯ ವಾಸನೆ ಎಲ್ಲಿ ಬಂದರೂ ಸಪ್ತಾಪುರದ ನಮ್ಮ ಹಳೆಯ ಮನೆಯ ಪಡಸಾಲೆ ಕಣ್ಣಿಗೆ ಕಟ್ಟುತ್ತದೆ. ನನಗೆ ಗಣಿತ ಹೇಳಿಕೊಡಲು ಬರುತ್ತಿದ್ದ ಕಟ್ಟಿ ಸರ್, ನೆಗಡಿಗೆಂದು ಕರವಸ್ತ್ರದ ತುದಿಗೆ ಆ ಎಣ್ಣೆ ಹಾಕಿಕೊಂಡಿರುತ್ತಿದ್ದರು. ಆ ಮನೆ ಈಗಿಲ್ಲ. ಅಲ್ಲಿ ಕೋಚಿಂಗಿಗೆ ಬಂದ ಹುಡುಗರ ಪಿ.ಜಿ. ಎದ್ದಿದೆ. ಬರಿಗಾಲಿಗೆ ತಣ್ಣಗೆ ತಾಗುತ್ತಿದ್ದ ಕಲ್ಲಿನ ನೆಲ, ಅವ್ವ ಕುಟ್ಟುತ್ತಿದ್ದ ಶೇಂಗಾ ಹಿಂಡಿಯ ಘಮ, ಹಿತ್ತಿಲಿನ ಬಚ್ಚಲ ಒಲೆಯ ಹೊಗೆ ಎಲ್ಲ ಹೋದವು. ನಿಮ್ಮದೂ ಇಂಥದೊಂದು ಮನೆ ಹೋಗಿದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಸರ್ ಉಣಕಲ್ಲಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅವರದು ಒಂದೇ ಕರಾರು: ಪಾಠ ಬೇಡವೆಂದರೆ ಹಿಂದಿನ ದಿನವೇ ಹೇಳಬೇಕು, ಅದೇ ದಿನ ಹೇಳಿದರೆ ಫೀ ಕೊಡಬೇಕು. ಆದರೆ ಪುಕ್ಕಟೆ ಹಣ ಅವರಿಗೆ ಒಗ್ಗುತ್ತಿರಲಿಲ್ಲ. ಅಂಥ ದಿನ ಪಡಸಾಲೆಯ ಕುರ್ಚಿಯಲ್ಲಿ ಒಂದು ತಾಸು ಸುಮ್ಮನೆ ಕೂತೇ ಹೋಗುವರು. ನಮ್ಮಲ್ಲಿ ಅಂಥ ದಿನಗಳೇ ಹೆಚ್ಚಾಗತೊಡಗಿದವು. ಅವ್ವನಿಗೆ ಮೂರ್ಛೆರೋಗವಿತ್ತು. ಹೊರಗೆ ಗೊತ್ತಾದರೆ ಮುಂದೆ ನನ್ನನ್ನು ಯಾರೂ ಸೊಸೆ ಮಾಡಿಕೊಳ್ಳುವುದಿಲ್ಲವೆಂದು, ಅರಳೆ ವ್ಯಾಪಾರಿಯಾದ ಅಪ್ಪ ಅದನ್ನು ಉಡಿಯಲ್ಲಿ ಕೆಂಡ ಕಟ್ಟಿಕೊಂಡಂತೆ ಬಚ್ಚಿಟ್ಟಿದ್ದ. ದವಾಖಾನೆಗೂ ತೋರಿಸಿರಲಿಲ್ಲ. ನನಗಿನ್ನೂ ಭಿನ್ನರಾಶಿ ಬರುತ್ತಿರಲಿಲ್ಲ, ಅವನಿಗಾಗಲೇ ನನ್ನ ಲಗ್ನದ ಚಿಂತೆ! ಅವ್ವ ಮಾತಿನ ನಡುವೆ ಸುಮ್ಮನಾಗಿ ಗೋಡೆಯನ್ನೇ ನೋಡತೊಡಗಿದರೆ, ಬರುತ್ತಿದೆ ಎಂದು ನಮಗೆ ತಿಳಿಯುತ್ತಿತ್ತು. ಅಪ್ಪ ಕಿಟಕಿಗಳನ್ನು ಮುಚ್ಚಿ ಸರ್ ಮನೆಗೆ ಫೋನ್ ಮಾಡುವನು. ಮೊಬೈಲ್ ಇಟ್ಟುಕೊಳ್ಳದ ಸರ್ ಅಷ್ಟರಲ್ಲಿ ಮನೆ ಬಿಟ್ಟಿರುತ್ತಿದ್ದರು.

ಒಂದು ಸಂಜೆ ಅವರು ಹಾಗೆ ಕೂತಿದ್ದಾಗ ಒಳಗೆ ಪಾತ್ರೆಗಳು ಉರುಳಿದ ಸದ್ದಾಯಿತು. ಸರ್ ಅಡುಗೆಮನೆಗೇ ನುಗ್ಗಿ, ಸೆಟೆದು ಬಿದ್ದಿದ್ದ ಅವ್ವನನ್ನು ಮಗ್ಗಲಿಗೆ ಹೊರಳಿಸಿದರು. ಆಮೇಲೆ ಅಪ್ಪನಿಗೆ ಮೆಲ್ಲಗೆ ಹೇಳಿದರು: "ನಮ್ಮ ತಂಗೀಗೂ ಇದ ಇತ್ರಿ. ಡಾಕ್ಟರಿಗೆ ತೋರಸ್ರಿ. ಗುಳಗಿಗೆ ಹತೋಟಿಗೆ ಬರ್ತದ." ಅಪ್ಪನ ಮುಖ ಕಪ್ಪಿಟ್ಟಿತು. "ನೀವು ಗಣಿತ ಹೇಳ್ಕೊಡ್ರಿ ಸರ್, ಅಷ್ಟ ಸಾಕು," ಎಂದ. ಅಂದಿನಿಂದ ಸರ್ ಒಳಗಿನ ಸದ್ದು ಕೇಳುವಂತೆ ತಮ್ಮ ಕುರ್ಚಿಯನ್ನು ನಡುಬಾಗಿಲಿನ ಹತ್ತಿರಕ್ಕೆ ಎಳೆದುಕೊಂಡು ಕೂಡತೊಡಗಿದರು. ಮನೆಯಲ್ಲಿ ಅವರಿದ್ದಷ್ಟು ಹೊತ್ತು ಅವ್ವ ಧೈರ್ಯದಿಂದ ಓಡಾಡಿಕೊಂಡಿರುತ್ತಿದ್ದಳು. ಅಪ್ಪನ ಕಣ್ಣಿಗೆ ಮಾತ್ರ ಸರ್ ಹಾಗೆ ಕೂತಿರುವುದು ಹಣಕ್ಕಾಗಿ ಹಿಡಿದ ಹಟದಂತೆ ಕಂಡಿತು. ವ್ಯಾಪಾರಿಯ ಕಣ್ಣು, ಬೇರೇನು ಕಂಡೀತು?

ಮುಂದಿನ ಸಲ ಅವ್ವ ಗೋಡೆ ನೋಡತೊಡಗಿದ ದಿನ ಅಪ್ಪ ಗೇಟಿನಲ್ಲೇ ನಿಂತಿದ್ದ. ಕೈಯಲ್ಲಿ ಲಕೋಟೆ.

"ಇವತ್ತ ಪಾಠ ಇಲ್ರಿ ಸರ್. ನಿಮ್ಮ ಫೀ ತಗೋರಿ. ಕೂಡೂದೇನ ಬ್ಯಾಡ."

"ಕೂತ್ರ ನಿಮಗೇನ ತ್ರಾಸ್ರಿ? ಚಹಾನೂ ಕೇಳೂದಿಲ್ಲ ನಾ."

"ಬ್ಯಾಡ ಅಂದೆನಲ್ರಿ."

ಸರ್ ಅಪ್ಪನ ಹೆಗಲಿನಾಚೆ ಒಳಗೆ ನೋಡಿದರು. ಲಕೋಟೆ ಮುಟ್ಟಲಿಲ್ಲ. "ಹಂಗಾರ ಅಕ್ಕಾರನ್ನ ಒಬ್ಬರನ್ನ ಬಚ್ಚಲಕ್ಕ ಬಿಡಬ್ಯಾಡ್ರಿ," ಎಂದು ಹೇಳಿ ತಿರುಗಿದರು. ಆ ಸಂಜೆಯ ಗಾಳಿಯಿಲ್ಲದ ಧಗೆ ನನಗೆ ಇನ್ನೂ ನೆನಪಿದೆ. ಅವ್ವ ಮಲಗಿ ನಿದ್ದೆ ಹೋದದ್ದನ್ನು ನೋಡಿ ಅಪ್ಪ, ಈ ಸಲ ತಪ್ಪಿತು ಎಂದುಕೊಂಡು, ನನ್ನನ್ನು ಪಕ್ಕದ ಮನೆಗೆ ಆಡಲು ಕಳಿಸಿ ಹುಬ್ಬಳ್ಳಿಯ ಕೆಲಸಕ್ಕೆ ಹೊರಟುಹೋದ.

ನೀರು ಕುಡಿಯಲೆಂದು ನಾನು ಮನೆಗೆ ಬಂದಾಗ ಹಾಸಿಗೆ ಬರಿದಾಗಿತ್ತು. ಬಚ್ಚಲಿನ ಬಾಗಿಲ ಕೆಳಗಿನಿಂದ ನೀರು ಹರಿದು ಹಿತ್ತಿಲ ಮೆಟ್ಟಿಲಿಗೆ ಇಳಿಯುತ್ತಿತ್ತು. ಅವ್ವಾ, ಅವ್ವಾ ಎಂದು ಬಾಗಿಲು ಬಡಿದೆ. ನಲ್ಲಿಯ ಸದ್ದು ಬಿಟ್ಟರೆ ಒಳಗಿನಿಂದ ಏನೂ ಇಲ್ಲ. ಕೂಗುತ್ತ ಬೀದಿಗೆ ಓಡಿದೆ.

ಓಣಿಯ ತಿರುವಿನ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕಟ್ಟಿ ಸರ್ ಕೂತಿದ್ದರು. ಊರಿಗೆ ಹೋಗಿರಲೇ ಇಲ್ಲ. ನನ್ನನ್ನು ಕಂಡವರೇ ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದು, ಹೆಗಲು ಕೊಟ್ಟು ಬಾಗಿಲು ಒಡೆದರು. ಅವ್ವನನ್ನು ಪಡಸಾಲೆಗೆ ತಂದು ಮಲಗಿಸಿ, ಮಗ್ಗಲಿಗೆ ಹೊರಳಿಸಿದರು, ಬಹಳ ಹೊತ್ತು ಬೆನ್ನು ತಿಕ್ಕಿದರು. ಅವ್ವನಿಗೆ ಉಸಿರು ಮರಳಲಿಲ್ಲ. ಕೊನೆಗೆ ಸರ್ ಕೈ ಬಿಟ್ಟು, ಒದ್ದೆ ನೆಲದ ಮೇಲೆ ನನ್ನ ಪಕ್ಕದಲ್ಲೇ ಕುಸಿದರು.

"ಆ ಅಂಗಡೀ ತನಕ ಏನೂ ಕೇಳಸಲಿಲ್ಲ ನೋಡವಾ," ಎಂದರು.